ನೀಲಿ ಕಾರಿನ ಗೀರುಗಳು

ನನಗೆ ಮೊದಲು ನೆನಪಾಗುವುದು ಗಂಜಿಯ ವಾಸನೆ. ಆಗ ನಾನಿನ್ನೂ ಬಟ್ಟೆಯಾಗಿರಲಿಲ್ಲ. ಕೈಮಗ್ಗದ ಅಂಗಳದಲ್ಲಿ ಎರಡು ಗೂಟಗಳ ನಡುವೆ ಬಿಗಿದು ಕಟ್ಟಿದ ಹತ್ತಿಯ ನೂಲಾಗಿದ್ದೆ. ಬಿಸಿಲೇರುವ ಮೊದಲು ನೇಕಾರರು ಬಂದು ತೆಳು ಗಂಜಿಯನ್ನು ಕುಂಚದಿಂದ ನನ್ನ ಮೇಲೆ ಸವರುತ್ತಿದ್ದರು. ಆ ವಾಸನೆಯಲ್ಲೇ ನಾನು ಬೆಳೆದೆ. ಮಗ್ಗವೇರಿದ ಮೇಲೆ ಒಮ್ಮೆ ನನ್ನ ಒಂದು ಎಳೆ ತುಂಡಾಯಿತು. ನೇಯುತ್ತಿದ್ದ ಅಜ್ಜಿ ಬೇಸರಿಸಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಗಂಟು ಹಾಕಿದರು. ಆ ಗಂಟು ಇಂದಿಗೂ ನನ್ನ ಒಂದು ಮೂಲೆಯಲ್ಲಿದೆ.

ಹೀಗೆ ನಾನು ಹಸಿರು ಅಂಚಿನ ಬಿಳಿ ಸೀರೆಯಾದೆ. ನನ್ನನ್ನು ಕೊಂಡವರು ಯಮುನಕ್ಕ, ಶಾಲೆಯ ಟೀಚರ್. ಹದಿನಾಲ್ಕು ವರ್ಷ ಅವರೊಂದಿಗೆ ಶಾಲೆಗೆ ಹೋಗಿಬಂದೆ. ಸೀಮೆಸುಣ್ಣದ ಪುಡಿ, ಬಸ್ಸಿನ ಬೆವರು, ಅಳುವ ಮಕ್ಕಳ ಮೂಗು ಎಲ್ಲವೂ ನನ್ನ ಸೆರಗಿಗೆ ಪರಿಚಿತ. ಒಗೆದು ಒಗೆದು ನಾನು ಎಷ್ಟು ಮೆತ್ತಗಾದೆನೆಂದರೆ, ಕೊನೆಗೆ ಉಡಲು ಬಾರದಷ್ಟು ತೆಳುವಾದೆ. ಯಮುನಕ್ಕ ನನ್ನನ್ನು ಆರು ತುಂಡು ಮಾಡಿದರು. ಒಂದು ತುಂಡಿನ ಅಂಚನ್ನು ಮಾತ್ರ ಕತ್ತರಿಸಿ ತೆಗೆದರು. ಅಂಚು ಒರಟು, ಕಾರಿಗೆ ತಾಗಬಾರದು ಎಂದು. ಆ ತುಂಡೇ ಈಗ ಮಾತನಾಡುತ್ತಿರುವ ನಾನು.

ಕಾರು ಅವರ ಗಂಡ ವಾಸುದೇವ ಮಯ್ಯರದ್ದು. ಬಂದರಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದ ಮೇಲೆ ಕೊಂಡ ಕಡುನೀಲಿ ಕಾರು. ಕಣ್ಣಿನ ಪೊರೆಯಿಂದಾಗಿ ಅವರು ಓಡಿಸುವಂತಿರಲಿಲ್ಲ. ಎಲ್ಲಿಗಾದರೂ ಹೋಗಬೇಕಾದ ದಿನ ಸೇಸಪ್ಪನನ್ನು ಕರೆಯುತ್ತಿದ್ದರು. ಸೇಸಪ್ಪ ಐವತ್ತು ದಾಟಿದ ಡ್ರೈವರ್, ಕರೆದ ದಿನ ಮಾತ್ರ ಅವನಿಗೆ ಕೆಲಸ. ಓಡಿಸಲಾಗದ ಮಯ್ಯರು ತಮ್ಮ ಪ್ರೀತಿಯನ್ನೆಲ್ಲ ಒರೆಸುವುದರಲ್ಲಿ ತೋರಿಸುತ್ತಿದ್ದರು. ದಿನವೂ ಬೆಳಿಗ್ಗೆ ಪೇಪರ್ ಓದಿ ಮುಗಿಸಿ, ನನ್ನನ್ನು ಕಾರಿನ ಶೆಡ್ಡಿನ ಮೊಳೆಯಿಂದ ತೆಗೆದು, ಒಣಗಿದ್ದಂತೆಯೇ ಕಾರಿನ ಮೈಮೇಲೆ ಎಳೆಯುತ್ತಿದ್ದರು. ಭಾನುವಾರ ಹೊಳಪು ಕೊಡುವ ಮೇಣ, ಅಂದರೆ ವ್ಯಾಕ್ಸ್. ಒಂದು ಭಾನುವಾರವೂ ತಪ್ಪಿದ್ದಿಲ್ಲ.

ಮನೆಯ ಮುಂದಿನದು ಮುರಕಲ್ಲಿನ ಕೆಂಪು ಮಣ್ಣಿನ ರಸ್ತೆ. ಒಂದು ಬಸ್ಸು ಹೋದರೆ ಸಾಕು, ಕಾರಿನ ಮೇಲೆ ತೆಳ್ಳಗೆ ಧೂಳು ಕೂರುತ್ತಿತ್ತು. ಸೇಸಪ್ಪ ಕಾರು ತೊಳೆಯುವ ರೀತಿಯೇ ಬೇರೆ. ಮೊದಲು ನೀರು ಹಾಯಿಸಿ ಧೂಳನ್ನೆಲ್ಲ ಇಳಿಸುತ್ತಿದ್ದ. ಆಮೇಲೆ ತನ್ನ ಚೀಲದಿಂದ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಸ್ವಂತ ಬಟ್ಟೆ ತೆಗೆದು, ಒದ್ದೆ ಮಾಡಿ ಒರೆಸುತ್ತಿದ್ದ. ನನ್ನನ್ನು ಅವನು ಯಾವತ್ತೂ ಮುಟ್ಟಿದವನಲ್ಲ.

ಒಮ್ಮೆ ಅವನು ಹೇಳಿಯೂ ಹೇಳಿದ್ದ. "ಸರ್, ಬಾನೆಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಮಣಿ ಮಣಿಯಾಗಿ ನಿಂತರೆ ವ್ಯಾಕ್ಸ್ ಉಂಟು ಅಂತ. ಹರಡಿಕೊಂಡರೆ ಮಾತ್ರ ಮತ್ತೆ ಹಾಕ್ಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ನಡುವಿನಲ್ಲಿ ಒಮ್ಮೆ. ವಾರ ವಾರ ಎಂತಕ್ಕೆ?"

ಮಯ್ಯರು ನಕ್ಕು, "ನೀನು ವರ್ಷಕ್ಕೆ ಮೂರೇ ಸಲ ಸ್ನಾನ ಮಾಡುವುದಾ?" ಎಂದರು.

"ಸ್ನಾನ ದಿನಾ ಮಾಡ್ತೇನೆ ಸರ್. ಎಣ್ಣೆಸ್ನಾನ ದೀಪಾವಳಿಗೆ ಮಾತ್ರ."

ಒಳಗಿನಿಂದ ಯಮುನಕ್ಕ ನಕ್ಕದ್ದು ನನಗೆ ಕೇಳಿಸಿತು. ಮಯ್ಯರು ಮಾತ್ರ ಅಭ್ಯಾಸ ಬಿಡಲಿಲ್ಲ. ನನ್ನನ್ನು ಒಗೆಯಲೂ ಬಿಡುತ್ತಿರಲಿಲ್ಲ. ವ್ಯಾಕ್ಸ್ ಹೀರಿಕೊಂಡ ಬಟ್ಟೆ, ಒಗೆದರೆ ಗುಣ ಹೋಗುತ್ತದೆ ಎನ್ನುವುದು ಅವರ ವಾದ. ಹಾಗಾಗಿ ದಿನದಿನದ ಕೆಂಪು ಧೂಳು ನನ್ನ ಎಳೆಗಳ ನಡುವೆ ಕೂತು ಅಲ್ಲೇ ಮನೆಮಾಡಿತು. ಕಾರಿನ ಬಣ್ಣದ ಮೇಲೆ ನಾನು ಹೋದಲ್ಲೆಲ್ಲ ಕೂದಲಿನಂಥ ಗೀರು ಮೂಡುತ್ತಿತ್ತು. ಮಯ್ಯರಿಗೆ ಅದು ಕಾಣುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಹೇಳಲು ನನಗೆ ಬಾಯಿಲ್ಲ.

ಚೌತಿಯ ದಿನ ಮಯ್ಯರ ಅಕ್ಕನ ಮಗ ಡಾಕ್ಟರ್ ಶ್ರೀಹರಿ ಊಟಕ್ಕೆ ಬಂದಿದ್ದ. ಮುಂದಿನ ತಿಂಗಳಿನಿಂದ ಸೇಸಪ್ಪನನ್ನು ತನ್ನ ಆಸ್ಪತ್ರೆಯಲ್ಲಿ ಕಾಯಂ ಡ್ರೈವರ್ ಆಗಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಕರೆ ಬರುವುದನ್ನು ಕಾಯುತ್ತ ಕೂರುವ ದಿನಗಳು ಮುಗಿದವೆಂದು ಸೇಸಪ್ಪ ಯಮುನಕ್ಕನ ಬಳಿ ಎರಡು ಸಲ ಹೇಳಿಕೊಂಡಿದ್ದ. ಹೊರಡುವಾಗ ಶ್ರೀಹರಿ ಕಾರಿನ ಬಳಿ ನಿಂತ. ಓರೆ ಬಿಸಿಲು ಬಾನೆಟ್ ಮೇಲೆ ಬಿದ್ದಿತ್ತು.

"ಮಾವ, ಇದೇನು, ಜೇಡನ ಬಲೆ ಹಾಗೆ?"

ಮಯ್ಯರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖ ಸಣ್ಣದಾಯಿತು. "ಸೇಸಪ್ಪನ ಕೈ ಒರಟು," ಎಂದುಬಿಟ್ಟರು.

ಮರುದಿನ ಸೇಸಪ್ಪನಿಗೆ ಶ್ರೀಹರಿಯ ಫೋನ್ ಬಂತು. ಕೆಲಸದ ವಿಷಯ ಸದ್ಯಕ್ಕೆ ಬೇಡ, ಕಾರು ನೋಡಿದೆ ಎಂದಷ್ಟೇ ಹೇಳಿದನಂತೆ. ಸೇಸಪ್ಪ ಬಂದು ಬಾನೆಟ್ ಮೇಲೆ ಬಗ್ಗಿ ಗೀರುಗಳನ್ನು ನೋಡಿದ. ಆಮೇಲೆ ಯಮುನಕ್ಕನಿಗೆ, "ಒಣ ಬಟ್ಟೆ ನಾನು ಮುಟ್ಟಿಸಿದ್ದೇ ಇಲ್ಲ ಅಕ್ಕ," ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಅವರು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದ.

ಯಮುನಕ್ಕ ಬಂದು ನನ್ನನ್ನು ಮೊಳೆಯಿಂದ ತೆಗೆದರು. ಸ್ಟೀಲ್ ಬೋಗುಣಿಯಲ್ಲಿ ಬಿಸಿನೀರು, ಸೋಪಿನ ಪುಡಿ ಹಾಕಿ ನನ್ನನ್ನು ನೆನೆಸಿದರು. ಎಷ್ಟೋ ವರ್ಷಗಳ ಮೇಲೆ ನನ್ನ ಎಳೆಗಳು ಬಿಚ್ಚಿಕೊಂಡವು. ಹಿಂಡಿ ತೆಗೆದಾಗ ತಳದಲ್ಲಿ ಒಂದು ಚಮಚದಷ್ಟು ಕೆಂಪು ಮರಳು ಉಳಿದಿತ್ತು.

"ಇಲ್ಲಿ ಬನ್ನಿ ಒಮ್ಮೆ," ಎಂದು ಗಂಡನನ್ನು ಕರೆದರು. "ಸೇಸಪ್ಪ ಈ ಬಟ್ಟೆ ಮುಟ್ಟಿದ್ದು ನೀವು ಕಂಡಿದ್ದೀರಾ? ಅವನದ್ದು ಅವನ ಚೀಲದಲ್ಲಿರ್ತದೆ."

ಮಯ್ಯರು ನೀರು ಚೆಲ್ಲಿ, ಆ ಮರಳನ್ನು ಹೆಬ್ಬೆರಳಿನಿಂದ ಬೋಗುಣಿಯ ತಳಕ್ಕೆ ಉಜ್ಜಿದರು. ಹೊಳೆಯುವ ಸ್ಟೀಲಿನ ಮೇಲೆ ಸಣ್ಣ ಗೀರುಗಳು ಬಂದವು. ಇನ್ನೊಮ್ಮೆ ಉಜ್ಜಿದರು. ಮತ್ತೆ ಬಂದವು. ಅವರು ಆ ಬೋಗುಣಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು.

ಮಾರನೆಯ ಬೆಳಿಗ್ಗೆ ಸೇಸಪ್ಪನನ್ನು ಕರೆಸಿದರು. ಅವನು ಗೇಟಿನೊಳಗೆ ಬಂದು ನಿಂತ ಮೇಲೆಯೇ, ಅವನಿಗೆ ಕೇಳುವಂತೆ ಫೋನ್ ಮಾಡಿದರು. "ಶ್ರೀಹರಿ, ಗೀರು ಹಾಕಿದ್ದು ನಾನು. ಧೂಳಿನ ಮೇಲೆ ದಿನಾ ಒಣ ಬಟ್ಟೆ ಎಳೆದದ್ದು ನಾನು. ನೋಡದೆ ಇನ್ನೊಬ್ಬನ ತಲೆಗೆ ಕಟ್ಟಿದೆ. ಅವನನ್ನು ಬಿಡಬೇಡ." ಆಚೆಯಿಂದ ಏನೋ ಮಾತು. "ಸರಿ, ಒಂದನೇ ತಾರೀಕಿಗೇ ಬರ್ತಾನೆ," ಎಂದು ಫೋನ್ ಇಟ್ಟರು.

ಸೇಸಪ್ಪ ನೆಲ ನೋಡುತ್ತಿದ್ದ. ಮಯ್ಯರು ಬಾನೆಟ್ ತೋರಿಸಿ, "ಇದು ಹೋಗ್ತದಾ?" ಎಂದು ಕೇಳಿದರು.

"ಪೂರ್ತಿ ಹೋಗುದಿಲ್ಲ ಸರ್. ವ್ಯಾಕ್ಸ್ ಹಾಕಿದರೆ ಸ್ವಲ್ಪ ಮುಚ್ಚಿಕೊಳ್ತದೆ. ಮತ್ತೆ ಬಿಸಿಲಲ್ಲಿ ಬಗ್ಗಿ ನೋಡದಿದ್ದರೆ ಆಯ್ತು."

ಅವನು ಕಾರನ್ನು ನೆರಳಿಗೆ ತಂದು, ನೀರು ಹಾಯಿಸಿ, ಒರೆಸಿ, ತೆಳ್ಳಗೆ ವ್ಯಾಕ್ಸ್ ಹಚ್ಚಿದ. ಮಯ್ಯರು ಪಕ್ಕದಲ್ಲಿ ನಿಂತು ಕಲಿಯುವವರಂತೆ ನೋಡುತ್ತಿದ್ದರು. ಕೊನೆಗೆ ಸೇಸಪ್ಪ ನನ್ನನ್ನು ಕೈಗೆತ್ತಿಕೊಂಡ, ಮೊದಲ ಸಲ. ನನ್ನ ಮೂಲೆಯ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಇದು ಇನ್ನು ಚಕ್ರಕ್ಕೆ ಸಾಕು," ಎಂದ.

ಅಂದಿನಿಂದ ನಾನು ಚಕ್ರ ಒರೆಸುವ ಬಟ್ಟೆ. ಬೇಸರವಿಲ್ಲ. ನಾನು ಮೆತ್ತಗಿದ್ದೇನೆ ಎಂದು ಎಷ್ಟೋ ವರ್ಷ ಹೆಮ್ಮೆಪಟ್ಟಿದ್ದೆ; ನನ್ನೊಳಗೆ ಸೇರಿಕೊಂಡದ್ದು ಮೆತ್ತಗಿರಲಿಲ್ಲ. ಈಗ ತಿಂಗಳಿಗೊಮ್ಮೆ ಯಮುನಕ್ಕ ನನ್ನನ್ನು ಒಗೆದು ಒಣಗಿಸುತ್ತಾರೆ.

ಮೊದಲ ಸಲ ಚಕ್ರ ಒರೆಸಿದ ಆ ದಿನ ಮಧ್ಯಾಹ್ನ ನಾನು ಮೊಳೆಯ ಮೇಲೆ ಒದ್ದೆಯಾಗಿ ತೂಗುತ್ತಿದ್ದೆ. ಸೇಸಪ್ಪ ಕೈತೊಳೆದು, ಎಂದಿನಂತೆ ಶೆಡ್ಡಿನ ಕಟ್ಟೆಯ ಮೇಲೆ ಕೂತ. ಅವನ ಊಟವನ್ನು ತಂದಿಡುತ್ತಿದ್ದವರು ಯಾವಾಗಲೂ ಯಮುನಕ್ಕ. ಅಂದು ಬಾಗಿಲಲ್ಲಿ ಕಂಡವರು ಮಯ್ಯರು. ಕೈಯಲ್ಲಿ ದೊಡ್ಡ ಬಟ್ಟಲು. ಚೆಲ್ಲಬಾರದೆಂದು ಒಂದೊಂದೇ ಹೆಜ್ಜೆ ಇಟ್ಟು ಬಂದರು. ಬಿಸಿ ಕುಚ್ಚಲಕ್ಕಿ ಗಂಜಿ, ಬದಿಗೆ ಕಾಯಿಚಟ್ನಿ, ಮಾವಿನ ಮಿಡಿ. ನನ್ನ ಬಾಲ್ಯದ ಅದೇ ವಾಸನೆ ಶೆಡ್ಡು ತುಂಬ ಹರಡಿತು.

ಸೇಸಪ್ಪ ಎದ್ದು ನಿಂತ. ಮಯ್ಯರು ಬಟ್ಟಲನ್ನು ಅವನ ಎರಡು ಕೈಗಳಿಗೆ ಕೊಟ್ಟರು.