ಗಡಿಯಾರ ರಿಪೇರಿಯವರ ಕೊನೆಯ ಅನುಮಾನ

ನಾನು ಕಾರು ಶೋರೂಮಿನಲ್ಲಿ ಗಾಡಿ ತೊಳೆಯುತ್ತೇನೆ. ಊರಿನ ಆ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಐದು ವಾರಗಳಿಂದ ಪ್ರತಿ ಶನಿವಾರ ನಮ್ಮ ನೀಲಿ ಎಲೆಕ್ಟ್ರಿಕ್ ಕಾರು ನೋಡಲು ಬರುತ್ತಿದ್ದರು. ಅದೇ ಕಾರು ಕೊಂಡವರು ಇಂಟರ್ನೆಟ್‌ನಲ್ಲಿ ಬರೆದ ದೂರುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ವಾರಕ್ಕೊಂದನ್ನು ಕೇಳಿ ಬಗೆಹರಿಸಿಕೊಳ್ಳುತ್ತಿದ್ದರು. ಅವರು ಬರುವ ಹೊತ್ತಿಗೆ ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದೆ.

“ಮದುವೆ ಆಗೋರೂ ಇಷ್ಟು ಯೋಚನೆ ಮಾಡಲ್ಲ ಬಿಡಿ,” ಎಂದು ಸೇಲ್ಸ್‌ನವರು ಈ ಶನಿವಾರ ಕಿಚಾಯಿಸಿದರು.

“ಮದುವೆಗೆ ಯಾರೂ ಹಿಂಗೆ ದೂರು ಬರೆದಿಟ್ಟಿರಲ್ವಲ್ಲ ಸಾರ್,” ಎಂದು ನಕ್ಕು ಗಡಿಯಾರದವರು ನನ್ನ ಕಡೆ ತಿರುಗಿದರು. “ಇದೊಂದೇ ಉಳಿದಿರೋದು. ತೊಳೆದ್ರೆ ಡಿಕ್ಕಿಯೊಳಗೆ ನೀರು ಇಳಿಯುತ್ತಂತೆ. ದಿನಾ ತೊಳೆಯೋರು ನೀವು. ನಿಜಾನಾ?”

‘ನೋಡಿ ಹೇಳ್ತೀನಿ’ ಎಂದಿದ್ದರೆ ಇನ್ನೊಂದು ಶನಿವಾರ ಸಿಗುತ್ತಿತ್ತು. ಆದರೆ ಅವರು ನನ್ನ ಮಾತನ್ನೇ ನಂಬಿ ಕಾಯುತ್ತಿದ್ದರು.

“ಒಂದು ತೊಟ್ಟೂ ಇಳಿಯಲ್ಲ,” ಎಂದೆ.

“ಹಾಗಾದ್ರೆ ತಗೊಂಡುಬಿಡ್ತೀನಿ,” ಎಂದು ಅವರು ಚೀಟಿ ಹರಿದು ಬುಟ್ಟಿಗೆ ಹಾಕಿ, ಸಹಿ ಮಾಡಲು ಒಳಗೆ ಹೋದರು.

ಗಾಡಿ ತೊಳೆದು ಕೊಡುವಂತೆ ಸೇಲ್ಸ್‌ನವರು ಕೂಗಿ ಹೇಳಿದರು. ಎಂದೂ ಇಲ್ಲದಷ್ಟು ನಿಧಾನವಾಗಿ ತೊಳೆದೆ.