ಮೊದಲನೇ ತುಂಡು

"ಡಿಸ್ಕ್ ಬಿಟ್ಟು ಹೋಗಿ ಟೀಚರಮ್ಮ. ಸಂಜೆ ಬಂದರೆ ಫೋನಿಗೆ ಹಾಕಿಟ್ಟಿರ್ತೀನಿ," ಎಂದ ಕಂಪ್ಯೂಟರ್ ಅಂಗಡಿಯವನು.

"ಬಿಟ್ಟು ಹೋಗಲ್ಲ. ನನ್ನ ಕಣ್ಣೆದುರಿಗೇ ಆಗಲಿ," ಎಂದು ಟೀಚರಮ್ಮ ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು.

ಇಪ್ಪತ್ತಾರು ವರ್ಷ ಪರೀಕ್ಷೆ ಕೋಣೆಯ ಬೆಂಚುಗಳ ನಡುವೆ ಓಡಾಡಿದವಳು. ಯಾರ ತೋಳಿನೊಳಗೆ ಚೀಟಿ ಇದೆ ಎಂಬುದನ್ನು ಬೆನ್ನು ನೋಡಿಯೇ ಹೇಳುತ್ತಿದ್ದಳು. ಅಂಥವಳ ಕಣ್ಣಿಗೆ ಒಡಹುಟ್ಟಿದ ತಮ್ಮನೇ ಮಣ್ಣೆರಚುವುದೆಂದರೇನು?

ವಿಷಯ ಇಷ್ಟೇ. ತಮ್ಮನ ಮದುವೆಯ ದಿನ ಅಪ್ಪ ಮೈಕು ಹಿಡಿದು, "ಮಹಡಿ ಮೇಲಿನ ಕೋಣೆ ನನ್ನ ಮಗಳದ್ದು, ಯಾವತ್ತು ಬಂದರೂ ಅವಳಿಗೇ," ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ಅಪ್ಪ ಹೋಗಿ ಮೂರು ವರ್ಷ. ಇನ್ನು ಎರಡು ತಿಂಗಳಿಗೆ ಅವಳಿಗೆ ನಿವೃತ್ತಿ, ಶಾಲೆಯವರು ಕೊಟ್ಟ ಮನೆ ಬಿಡಬೇಕು. ತಮ್ಮ ನೋಡಿದರೆ ಆ ಕೋಣೆಯನ್ನು ಬಾಡಿಗೆಗೆ ಕೊಡುವ ಮಾತಾಡುತ್ತಿದ್ದ. ಅಪ್ಪನ ಮಾತು ನೆನಪಿಸಿದರೆ, "ಹಾಗಂದಿದ್ದು ನನಗೆ ಗೊತ್ತೇ ಇಲ್ವಲ್ಲಕ್ಕ," ಎಂದುಬಿಟ್ಟ. ಹಾಗಾದರೆ ಮದುವೆ ವಿಡಿಯೋ ಕೊಡು ಎಂದಳು. ಅವನೇ ಡಿಸ್ಕಿನಿಂದ ಅವಳ ಫೋನಿಗೆ ಹಾಕಿಕೊಟ್ಟ. ಅದು ಇಪ್ಪತ್ತೆರಡು ನಿಮಿಷ ಚೆನ್ನಾಗಿಯೇ ಓಡಿ, ಅಪ್ಪ ಮೈಕಿಗೆ ಕೈ ಚಾಚಿದ ಗಳಿಗೆಗೆ ಸರಿಯಾಗಿ ನಿಂತುಹೋಯಿತು.

ಬೇಕಂತಲೇ ಕತ್ತರಿಸಿದ್ದಾನೆ. ಇನ್ನೇನು ಸಾಕ್ಷಿ ಬೇಕು? ನಿನ್ನೆ ಅವನ ಮನೆಗೆ ಹೋಗಿ, ಅವನ ಹೆಂಡತಿ ಟೀ ಸೋಸಲು ಒಳಗೆ ಹೋದಾಗ, ಡಿಸ್ಕನ್ನು ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸೇರಿಸಿಕೊಂಡು ಖಾಲಿ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದಿದ್ದಳು.

ಅಂಗಡಿಯವನು ಕನ್ನಡಕ ಒರೆಸುವ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ಒರೆಸಿ, ಯಂತ್ರದೊಳಗೆ ತಳ್ಳಿದ. ಅಷ್ಟರಲ್ಲಿ ಅವನ ಫೋನಿಗೆ ಯಾರದೋ ಕರೆ ಬಂತು. "ಹೌದು, ಬಂದಿದ್ದಾರೆ. ಆಮೇಲೆ ಮಾಡ್ತೀನಿ," ಎಂದು ಇಟ್ಟ.

"ಯಾರದು?"

"ನಮ್ಮ ಮನೆಯವಳು. ತರಕಾರಿ ತರೋಕೆ ಹೇಳ್ತಿದ್ದಾಳೆ."

ಅವಳು ನಂಬಲಿಲ್ಲ, ತಮ್ಮನೇ ಇರಬೇಕು ಎಂದುಕೊಂಡಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. "ಇಲ್ಲಿ ನೋಡಿ. ನೋಡೋರಿಗೆ ಒಂದೇ ವಿಡಿಯೋ, ಆದರೆ ಡಿಸ್ಕಿನ ಒಳಗೆ ನಾಲ್ಕು ತುಂಡಾಗಿ ಕೂತಿರುತ್ತೆ. ನಿಮ್ಮ ಫೋನಿಗೆ ಹಾಕಿದವರು ಮೊದಲನೇ ತುಂಡು ಮಾತ್ರ ಹಾಕಿದ್ದಾರೆ. ಮನೆಯಲ್ಲಿ ಮಾಡೋರೆಲ್ಲ ಇದೇ ಎಡವಟ್ಟು ಮಾಡೋದು."

"ಕತ್ತರಿಸಿಲ್ವಾ?"

"ಕತ್ತರಿಸೋದಾ? ಅಷ್ಟು ಬುದ್ಧಿ ಇದ್ದಿದ್ರೆ ಪೂರ್ತಿ ಹಾಕ್ತಿದ್ರು ಬಿಡಿ."

ಎರಡನೇ ತುಂಡು ಶುರುವಾಯಿತು. ಅಪ್ಪ ಮೈಕು ತೆಗೆದುಕೊಂಡು ಬೆರಳಿನಿಂದ ಎರಡು ಸಲ ಬಡಿದರು. "ಹಿಂದೆ ಕೂತವರಿಗೂ ಕೇಳಿಸ್ತಿದೆಯಾ?" ಎಂದರು. ಅದೇ ಕರಕರ ದನಿ. ಮರುಕ್ಷಣವೇ ಕೊಳಲು, ಪಿಟೀಲು ಎಲ್ಲಾ ಸೇರಿ ಜೋರಾಗಿ ಸಂಗೀತ ಎದ್ದಿತು. ಅಪ್ಪನ ತುಟಿಗಳು ಅಲ್ಲಾಡುತ್ತಲೇ ಇದ್ದವು.

"ಈ ಗಲಾಟೆ ತೆಗಿ," ಎಂದಳು.

"ತೆಗೆಯೋಕಾಗಲ್ಲ ಟೀಚರಮ್ಮ. ಮದುವೆ ವಿಡಿಯೋ ಮಾಡೋರು ಆಗೆಲ್ಲ ಹೀಗೇ. ಯಾರಾದರೂ ಭಾಷಣ ಶುರುಮಾಡಿದರೆ ಸಾಕು, ಮಾತು ಅಳಿಸಿ ಸಂಗೀತ ಹಾಕಿಬಿಡ್ತಿದ್ರು."

ಅಪ್ಪ ಬೆರಳೆತ್ತಿ ಮೇಲೆ ತೋರಿಸಿದರು. ಮಹಡಿ ಎಂದರೋ, ದೇವರು ಎಂದರೋ? ಅವಳು ನೆನಪನ್ನೆಲ್ಲ ಕೆದಕಿದಳು. ತನ್ನ ನೆನಪಿನ ಮೇಲೇ ಅನುಮಾನ ಬಂತು. ಅಪ್ಪನ ಹಿಂದೆ ತಮ್ಮ ಈ ಕಡೆಗೆ ಬೆನ್ನು ಹಾಕಿ ನಿಂತಿದ್ದ. ಫೋಟೋದವನು ಅವನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸುತ್ತಿದ್ದ. ಮಾತು ಮುಗಿಯುವವರೆಗೂ ಅವನು ಇತ್ತ ತಿರುಗಲೇ ಇಲ್ಲ. ಪಾಪ, ಅವನ ಕಿವಿಗೆ ಏನು ಬಿದ್ದಿರಲು ಸಾಧ್ಯ?

ಚೀಲದಲ್ಲಿ ಫೋನು ಬಡಿದುಕೊಂಡಿತು. ತಮ್ಮನದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಮೊದಲು ಉತ್ತರಪತ್ರಿಕೆಯ ಕಟ್ಟು ಮುಟ್ಟಿದಳು.

"ಅಕ್ಕ, ಬೈಬೇಡ. ಡಿಸ್ಕ್ ಎಲ್ಲೋ ಕಳೆದುಹಾಕಿಬಿಟ್ಟಿದೀನಿ. ಬಾಡಿಗೆಗೆ ಕೇಳಿದವರು ಬೆಳಗ್ಗೆ ಬಂದಿದ್ರು. ಅಪ್ಪ ಏನಂದಿದ್ರು ಅಂತ ಕೇಳಿಸಿಕೊಂಡು ಆಮೇಲೆ ಹೇಳ್ತೀನಿ ಅಂತ ಕಳಿಸಿದೆ. ಈಗ ನೋಡಿದ್ರೆ ಡಬ್ಬಿ ಖಾಲಿ."

"ಹುಡುಕಬೇಡ ಕಣೋ. ನಾನೇ ತಂದಿದೀನಿ. ನಿಂಗೆ ಹೇಳದೆ ತಂದುಬಿಟ್ಟೆ."

"ಹೋಗಲಿ ಬಿಡು. ನೋಡಿದ್ಯಾ? ಏನಂದ್ರು ಅಪ್ಪ? ನೀನು ಹೇಳಿದ್ರೆ ಆಯ್ತು, ನಾನು ಮತ್ತೆ ನೋಡಬೇಕು ಅಂತಿಲ್ಲ."

ಒಂದು ಮಾತು. ಅಂದುಬಿಟ್ಟರೆ ಕೋಣೆ ಅವಳದು. ನಾಲಿಗೆ ತುದಿಗೆ ಬಂದೇಬಿಟ್ಟಿತ್ತು.

"ಕೇಳಿಸಲ್ಲ ಕಣೋ," ಎಂದಳು. "ಮಾತಿನ ಮೇಲೆ ಸಂಗೀತ ಹಾಕಿದ್ದಾರೆ. ಮೊದಲಿಂದು ಒಂದು ಚೂರು ಬಿಟ್ಟರೆ ಏನೂ ಇಲ್ಲ."

"ಆ ಚೂರಾದ್ರೂ ಕೇಳಿಸಕ್ಕ."

ಅವಳು ಅಂಗಡಿಯವನಿಗೆ ಕೈಸನ್ನೆ ಮಾಡಿದಳು. ಅವನು ಹಿಂದಕ್ಕೆ ಓಡಿಸಿದ. ಅವಳು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಳು. ಅಪ್ಪ ಮೈಕನ್ನು ಎರಡು ಸಲ ಬಡಿದರು.

"ಹಿಂದೆ ಕೂತವರಿಗೂ ಕೇಳಿಸ್ತಿದೆಯಾ?"

ಸಂಗೀತ ಏಳುವ ಮೊದಲೇ ಅಂಗಡಿಯವನು ನಿಲ್ಲಿಸಿದ. ಅವಳ ಕೈಯಲ್ಲಿದ್ದ ಫೋನಿನೊಳಗಿಂದ, ತುಂಬಾ ಹೊತ್ತಿನ ಮೇಲೆ, "ಹ್ಞೂಂ" ಎಂಬ ಸಣ್ಣ ದನಿ ಬಂತು.