ಕುಂಕುಮ ಬಿದ್ದ ಗಾಜು

ಅಂಗಡಿಯಲ್ಲಿ ನನ್ನ ಬೆಲೆ ಎಂಬತ್ತೆರಡು ಸಾವಿರ ರೂಪಾಯಿ. ಎರಡನೆಯ ಕೈಗೆ ಹೋದಾಗ ಹನ್ನೊಂದು ಸಾವಿರ. ನನಗಾಗಿ ತಂದ ಬಿಳಿ ಪಂಚೆಗೆ ನೂರಾ ನಲವತ್ತು. ನನ್ನ ಚಿತ್ರಗಳ ಲೆಕ್ಕ ಹಾಕುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಪೂರ್ತಿ ಬಿಟ್ಟಿ. ಹೆಚ್ಚು ದುಡಿದದ್ದು ಮಾತ್ರ ಈ ಕೊನೆಯ ಎರಡೇ.

ನಾನು ದೂರದರ್ಶಕದ ಹಿಂಬದಿಗೆ ಸಿಕ್ಕಿಸುವ ಒಂದು ಕ್ಯಾಮೆರಾ, ಮುಷ್ಟಿಯಷ್ಟು ಗಾತ್ರ. ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಬೆರಳುಗಳು ನನ್ನ ಕಣ್ಣಿನ ಮೇಲೆ ಗಾಜು ಕೂರಿಸಿದ್ದು ನನ್ನ ಮೊದಲ ನೆನಪು. ಮೊದಲ ಯಜಮಾನರು ಮಂಗಳೂರಿನ ದಂತವೈದ್ಯ ಡಾ. ಲಸ್ರಾದೊ. ಅವರಿಗೆ ಗೋಡೆಗೆ ತೂಗುಹಾಕುವಂಥ ಚಿತ್ರ ಬೇಕಿತ್ತು. ಕರಾವಳಿಯ ಮೋಡ ಬಿಡಲಿಲ್ಲ. ಮೂರು ವರ್ಷ ಕಾದು, ನನ್ನನ್ನು ಗದಗದ ಒಂದು ಕಾಲೇಜಿಗೆ ಮಾರಿದರು.

ಅಲ್ಲಿ ಯಾರಿಗೂ ಚೆಲುವಿನ ಚಿತ್ರ ಬೇಕಿರಲಿಲ್ಲ. ಭೌತಶಾಸ್ತ್ರದ ಹಿರೇಮಠ ಸರ್ ಕೇಳಿದ್ದು ಒಂದು ನಕ್ಷತ್ರದ ಹೊಳಪನ್ನು, ಅದೂ ಅಂಕಿಯಲ್ಲಿ. ಕೊನೆಯ ವರ್ಷದ ಬಿಎಸ್ಸಿ ಓದುತ್ತಿದ್ದ ಶಂಶಾದ್ ನದಾಫ್ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಳು. ಅದು ನಕ್ಷತ್ರದ ಸುತ್ತ ವೃತ್ತ ಎಳೆದು ಒಳಗಿನ ಬೆಳಕನ್ನೆಲ್ಲ ಕೂಡಿಸುತ್ತದೆ, ಆಕಾಶದ ಸ್ವಂತ ಬೆಳಕನ್ನು ಕಳೆಯುತ್ತದೆ, ಹೊಳಪು ಬದಲಾಗದ ಪಕ್ಕದ ನಕ್ಷತ್ರದ ಜೊತೆ ತೂಗಿ ನೋಡುತ್ತದೆ. ನನ್ನ ಕಣ್ಣಿನಲ್ಲೂ ಕಲೆಗಳಿರುತ್ತವಲ್ಲ, ಅದಕ್ಕೆ ಮುಸ್ಸಂಜೆ ದೂರದರ್ಶಕದ ಬಾಯಿಗೆ ಪಂಚೆ ಕಟ್ಟಿ ಬರೀ ಬಿಳುಪಿನ ಒಂದು ಚಿತ್ರ ತೆಗೆಯುತ್ತಿದ್ದರು. ಕಲೆ ಎಲ್ಲಿದೆ ಎಂದು ಅದು ತೋರಿಸುತ್ತದೆ, ಪ್ರೋಗ್ರಾಂ ಸರಿಪಡಿಸುತ್ತದೆ.

ಪ್ರಾಂಶುಪಾಲರು ಗಡುವು ಕೊಟ್ಟಿದ್ದರು. ನಕ್ಷತ್ರ ವೀಕ್ಷಕರ ಸಂಘ ನವೆಂಬರ್ ಮುಗಿಯುವುದರೊಳಗೆ ನಮ್ಮ ಅಳತೆಯನ್ನು ಒಪ್ಪಬೇಕು. ಇಲ್ಲವಾದರೆ ದೂರದರ್ಶಕವಿದ್ದ ಮಹಡಿಯ ಕೋಣೆ ಹಳೆಯ ಉತ್ತರಪತ್ರಿಕೆಗಳ ಪಾಲು.

ಆಯುಧಪೂಜೆ ಬಂತು. ಅಟೆಂಡರ್ ಫಕೀರಪ್ಪ ಅದೇ ಪಂಚೆ ಹಾಸಿ, ತಕ್ಕಡಿ, ಸ್ಕ್ರೂಡ್ರೈವರ್‌ಗಳ ಜೊತೆ ನನ್ನನ್ನೂ ಇಟ್ಟು, ವಿಭೂತಿ ಎಳೆದು ಕುಂಕುಮ ಹಚ್ಚಿದ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಪಂಚೆ ಒಗೆಯಲು ಹೋಯಿತು. ಶಂಶಾದ್ ಹಬ್ಬಕ್ಕೆ ಮೊದಲು ತೆಗೆದ ಬಿಳಿ ಚಿತ್ರವನ್ನೇ ಪ್ರೋಗ್ರಾಂಗೆ ಕೊಟ್ಟಳು.

ಆಮೇಲಿನ ಐದು ರಾತ್ರಿಯೂ ನಕ್ಷತ್ರ ಸ್ವಲ್ಪ ಹೊತ್ತು ಮಂಕಾಗಿ ಮತ್ತೆ ಹೊಳೆಯಿತು.

"ಹೊಸಾದು! ಈ ನಕ್ಷತ್ರದಾಗ ಇಂಥಾದ್ದು ಯಾರೂ ಕಂಡಿಲ್ಲ," ಎಂದರು ಹಿರೇಮಠ ಸರ್. "ಪ್ರಾಂಶುಪಾಲರಿಗೆ ಹೇಳೇ ಬಿಟ್ಟೇನಿ. ಇವತ್ತ ಸಂಘಕ್ಕ ಕಳಿಸೂಣು."

ಚಹಾ ತಂದ ಫಕೀರಪ್ಪ ಪರದೆ ನೋಡಿದ. "ಎಷ್ಟೊತ್ತಿಗೆ ಮಂಕಾಗತೈತಿ ಅದು?"

"ಶುರು ಮಾಡಿದ ಐವತ್ತನೇ ನಿಮಿಷಕ್ಕ, ಕಾಕಾ. ದಿನಾ," ಎಂದಳು ಶಂಶಾದ್.

"ಮೊನ್ನೆ ನಾ ಕೀಲಿ ಮರತು ಬಂದು ಒಂದು ತಾಸು ತಡಾ ಆತಲ್ಲ. ಅವತ್ತು?"

"ಅವತ್ತೂ ಐವತ್ತಕ್ಕ..."

"ಅಂದ್ರ ನಿಮ್ಮ ಚುಕ್ಕಿ ನನ್ನ ಕೀಲಿ ಕಾಯ್ಕೊಂತ ಕುಂತಿತ್ತೇನವಾ?"

ಸರ್ ನಕ್ಕರು. ಶಂಶಾದ್ ನಗಲಿಲ್ಲ. ಚಿತ್ರಗಳನ್ನು ಮತ್ತೆ ಒಂದೊಂದಾಗಿ ತೆರೆದಳು. ನಮ್ಮ ದೂರದರ್ಶಕ ಸ್ವಲ್ಪ ಜಾರುತ್ತದೆ. ಹಾಗಾಗಿ ನಕ್ಷತ್ರ ಚಿತ್ರದಲ್ಲಿ ಮೆಲ್ಲಗೆ ಸರಿಯುತ್ತ ಐವತ್ತನೇ ನಿಮಿಷಕ್ಕೆ ಒಂದು ಜಾಗ ಮುಟ್ಟುತ್ತಿತ್ತು. ಅದೇ ಜಾಗಕ್ಕೆ ಬಂದ ಇನ್ನೊಂದು ನಕ್ಷತ್ರವೂ ಮಂಕಾಗಿತ್ತು. ನನ್ನನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಗಾಜಿನ ಮೇಲೆ ಒಂದು ಕಣ ಕುಂಕುಮ.

"ಸರ್, ಮಂಕಾಗಿದ್ದು ನಕ್ಷತ್ರ ಅಲ್ಲ."

ಫಕೀರಪ್ಪನ ಮುಖ ಬಾಡಿತು. "ತಪ್ಪು ನಂದೈತಿ," ಎಂದು ಒರೆಸಲು ಬಟ್ಟೆ ತೆಗೆದ.

"ಮುಟ್ಟಬ್ಯಾಡ್ರಿ ಕಾಕಾ! ಹಳೇ ಬಿಳಿ ಚಿತ್ರ ಹಾಕಿದಾಕಿ ನಾನು. ಈಗ ಒರೆಸಿದ್ರ ಆ ಐದು ರಾತ್ರಿ ಸರಿ ಮಾಡಾಕ ಬರೂದಿಲ್ಲ. ಮೊದಲು ಪಂಚೆ ತರ್ರಿ."

ಸಂಜೆ ನನ್ನನ್ನು ಮೊದಲಿನಂತೆಯೇ ಸಿಕ್ಕಿಸಿ, ಒಗೆದ ಪಂಚೆ ಕಟ್ಟಿ, ಕುಂಕುಮ ಇದ್ದ ಹಾಗೆಯೇ ಬಿಳಿ ಚಿತ್ರ ತೆಗೆದರು. ಪ್ರೋಗ್ರಾಂ ಮತ್ತೆ ಓಡಿತು. ಐದೂ ರಾತ್ರಿಯ ಮಂಕು ಅಳಿಸಿಹೋಯಿತು. ಉಳಿದದ್ದು ದಿನದಿಂದ ದಿನಕ್ಕೆ ಮೆಲ್ಲಗೆ ಏರುವ, ಎಲ್ಲರಿಗೂ ಗೊತ್ತಿದ್ದ ಹೊಳಪು. ಆಡಿದ ಮಾತು ಹಿಂತೆಗೆದುಕೊಳ್ಳಲು ಸರ್ ತಾವೇ ಪ್ರಾಂಶುಪಾಲರ ಕೋಣೆಗೆ ನಡೆದರು. ನವೆಂಬರ್ ಇಪ್ಪತ್ತಾರಕ್ಕೆ ಸಂಘದ ಉತ್ತರ ಬಂತು: ಐದೂ ಅಳತೆ ಒಪ್ಪಿದೆ.

ಈಗ ನನ್ನ ಕಣ್ಣಿನಲ್ಲಿ ಬೆಳಕು ಹಿಡಿಯದ ಸತ್ತ ಚುಕ್ಕೆಗಳು ಹೆಚ್ಚಾಗಿವೆ. ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಬಂದಿದೆ, ನಾನು ಬೀರುವಿನಲ್ಲಿದ್ದೇನೆ. ಪ್ರೋಗ್ರಾಂ ಕಲಿಯುವವರು ವರ್ಷಕ್ಕೊಮ್ಮೆ ನನ್ನನ್ನು ಹೊರತೆಗೆಯುತ್ತಾರೆ. ಆಯುಧಪೂಜೆಯ ದಿನ ಫಕೀರಪ್ಪ ಕುಂಕುಮವನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಚ್ಚುತ್ತಾನೆ.

ನಾವು ಕಳೆದುಕೊಂಡದ್ದು ಒಂದು ಹೊಸ ಶೋಧದ ಸುದ್ದಿ, ಅದೂ ನಿಜವಲ್ಲದ್ದು. ಗಳಿಸಿದ್ದು ಐದು ಸರಿಯಾದ ಅಂಕಿ ಮತ್ತು ಮಹಡಿಯ ಕೋಣೆ.